ಬಿಸಾವಿನ ಬೀಜ, ನಮ್ಮ ಫ್ಯಾಕ್ಟರಿ

ಗೋಡಂಬಿಯನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುವ ಅಭ್ಯಾಸ ನನಗಿದೆ. ಬಣ್ಣ ಬೆಳ್ಳಗಿದೆಯೇ, ತುದಿ ಮುರಿದಿದೆಯೇ, ಬೆನ್ನಿನ ಮೇಲೆ ಕೆಂಪು ಸಿಪ್ಪೆಯ ಚೂರು ಉಳಿದಿದೆಯೇ ಎಂದು ಪರೀಕ್ಷಿಸಿ, ಮನಸ್ಸಿನಲ್ಲೇ ಒಂದು ದರ್ಜೆ ಕೊಟ್ಟು, ಆಮೇಲೆ ತಿನ್ನುತ್ತೇನೆ. ಒಂದು ಪೌಂಡಿಗೆ ನೂರೆಂಬತ್ತು ಬೀಜ ತೂಗಿದರೆ ರಾಜ, ಮುನ್ನೂರ ಇಪ್ಪತ್ತು ತೂಗಿದರೆ ಪ್ರಜೆ. ಅಮೆರಿಕದ ಗ್ಲೆಂಡೇಲಿನ ನಮ್ಮ ಆಫೀಸಿನಲ್ಲಿ ತಿಂಡಿಯ ಜಾಡಿ ಇಟ್ಟಿರುವ ಮೂಲೆಗೆ ನಾನು ಹೋದರೆ ಹಿಂದಿನವರು ಬೇರೆ ದಾರಿ ನೋಡಿಕೊಳ್ಳುತ್ತಾರೆ, ಅಷ್ಟು ಹೊತ್ತು ಹಿಡಿಯುತ್ತದೆ. ನನ್ನ ಹೆಂಡತಿ ಮಾಲಿನಿ ಬೆಂಗಳೂರಿನವಳು. "ಅದೇನ್ರೀ, ವಜ್ರ ನೋಡ್ದಂಗೆ ನೋಡ್ತೀರ. ತಿನ್ನಿ ಸುಮ್ನೆ" ಎಂದು ಹದಿನೈದು ವರ್ಷಗಳಿಂದ ಹೇಳುತ್ತಿದ್ದಾಳೆ.

ಈ ವಿದ್ಯೆ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ನನ್ನ ಬಳಿ ಸಿದ್ಧವಾದ ಒಂದು ಉತ್ತರವಿತ್ತು. ಆ ಉತ್ತರ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳಬೇಕಾದರೆ ಮೊದಲು ಭುಜಂಗ ಅಂಕಲ್ ಬಗ್ಗೆ ಹೇಳಬೇಕು. ಅವರು ಬ್ರಹ್ಮಾವರದ ಕಡೆಯವರು, ಎಪ್ಪತ್ತು ದಾಟಿದವರು, ಎರಡು ಮೋಟೆಲ್‌ಗಳ ಒಡೆಯರು. ನಾವಿರುವ ಡೈಮಂಡ್ ಬಾರ್ ಎಂಬ ಊರಿನಲ್ಲಿ ನಮ್ಮ ಕರಾವಳಿಯ ಮೂವತ್ತು ಮನೆಗಳಿಗೆ ಅವರೇ ಹಿರಿಯರು. ಹನ್ನೊಂದು ವರ್ಷಗಳ ಹಿಂದೆ ನಾವು ಇಲ್ಲಿಗೆ ಬಂದ ಹೊಸದರಲ್ಲಿ, ಅವರ ಮನೆಯ ಊಟದಲ್ಲಿ, ನೀರುದೋಸೆಯ ತಟ್ಟೆ ಹಿಡಿದುಕೊಂಡೇ ನನ್ನ ವಿಚಾರಣೆ ನಡೆಯಿತು.

"ಊರಲ್ಲಿ ಎಂತ ಮಾರಾಯ ನಿಮ್ದು?"

"ಗೇರುಬೀಜದಲ್ಲಿ ಅಂಕಲ್."

"ಓಹೋ. ಫ್ಯಾಕ್ಟರಿಯಾ?"

"ಹೌದು, ಫ್ಯಾಕ್ಟರಿ."

"ದೊಡ್ಡದಾ?"

"ಒಂದು ಐನೂರು ಜನ ಹೆಂಗಸರು ಇದ್ರು."

ದಯವಿಟ್ಟು ಗಮನಿಸಿ, ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಗೇರುಬೀಜದ ಫ್ಯಾಕ್ಟರಿ ಇತ್ತು, ಐನೂರು ಹೆಂಗಸರೂ ಇದ್ದರು. ಅವರಲ್ಲಿ ಒಬ್ಬಳು ನನ್ನ ಅಮ್ಮ ಎಂಬುದನ್ನು ಅಂಕಲ್ ಕೇಳಲಿಲ್ಲ, ನಾನು ಹೇಳಲಿಲ್ಲ. ಅಪ್ಪ ಸಿಟಿಬಸ್ಸಿನ ಕಂಡಕ್ಟರು, ಆ ಫ್ಯಾಕ್ಟರಿಯ ಗೇಟಿನೊಳಗೆ ಕಾಲಿಟ್ಟವರೇ ಅಲ್ಲ. ಆದರೆ ಊಟ ಮುಗಿಯುವಷ್ಟರಲ್ಲಿ ಅವರು ಅದರ ಮಾಲಕರಾಗಿಬಿಟ್ಟಿದ್ದರು. ಪಾಯಸದ ಹೊತ್ತಿಗೆ ನನಗೆ 'ಗೇರುಬೀಜದ ಸುಧಾಕರ' ಎಂಬ ಹೆಸರೂ ಬಿತ್ತು.

ಹೆಸರು ಬಿದ್ದ ಮೇಲೆ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕಲ್ಲ. ನಾವು ಊರಿಗೆ ಹೋಗಿ ಬಂದಾಗಲೆಲ್ಲ "ಬೀಜ ತಂದಿರಾ?" ಎಂದು ಫೋನು ಬರತೊಡಗಿತು. ಮೊದಲ ಸಲ ನಿಜವಾಗಿಯೂ ತಂದಿದ್ದೆ. ಎರಡನೆಯ ಸಲ ಪೆಟ್ಟಿಗೆಯ ತೂಕ ಹೆಚ್ಚಾಯಿತೆಂದು ವಿಮಾನ ನಿಲ್ದಾಣದಲ್ಲೇ ಬಿಟ್ಟುಬಂದೆ. ಮರುದಿನ ಫ್ರೀವೇ ಪಕ್ಕದ ದೊಡ್ಡ ಗೋದಾಮು ಅಂಗಡಿಗೆ ಡ್ರೈವ್ ಮಾಡಿ ಎರಡು ದೊಡ್ಡ ಡಬ್ಬಿ ಗೋಡಂಬಿ ತಂದು, ಅಡುಗೆಮನೆಯಲ್ಲಿ ಕೂತು ಸಣ್ಣ ಜಿಪ್ ಚೀಲಗಳಿಗೆ ತುಂಬಿದೆ. ಡಬ್ಬಿಯ ಮೇಲೆ ವಿಯೆಟ್ನಾಮ್ ಎಂದು ಬರೆದಿತ್ತು. ಭುಜಂಗ ಅಂಕಲ್ ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಊರಿನ ಬೀಜದ ರುಚಿಯೇ ಬೇರೆ, ಇಲ್ಲಿಯವಕ್ಕೆ ಈ ಪರಿಮಳ ಎಲ್ಲಿ ಬರ್ತದೆ" ಎಂದರು. ಅಂದಿನಿಂದ ಪ್ರತಿಸಲ ಅದೇ ಪರಿಮಳ.

ಇನ್ನು ಬಿಸಾವು. ಪಶ್ಚಿಮ ಆಫ್ರಿಕದ ಗಿನಿ-ಬಿಸಾವು ಎಂಬ ದೇಶದ ಹೆಸರನ್ನು ನಾನು ಕಲಿತದ್ದು ಗೋಣಿಚೀಲದ ಮೇಲೆ. ನಮ್ಮೂರಿನ ಬೀಜ ಬೇಸಿಗೆಗೆ ಮುಗಿಯುತ್ತಿತ್ತು. ಮಳೆಗಾಲದಿಂದ ಮುಂದಕ್ಕೆ ಮಂಗಳೂರಿನ ಫ್ಯಾಕ್ಟರಿಗಳಿಗೆ ಹಡಗಿನಲ್ಲಿ ಆಫ್ರಿಕದ ಬೀಜ ಬರಬೇಕು. ಹರಿದ ಖಾಲಿ ಚೀಲಗಳನ್ನು ಕೆಲಸದ ಹೆಂಗಸರು ಮನೆಗೆ ಒಯ್ಯಬಹುದಾಗಿತ್ತು. ಹಾಗಾಗಿ ಕಾವೂರಿನ ನಮ್ಮ ಮನೆಯಲ್ಲಿ ಕಾಲೊರಸುವುದು ಬಿಸಾವು, ಮಳೆಗೆ ತಲೆಯ ಮೇಲೆ ಹೊದ್ದುಕೊಳ್ಳುವುದು ಬಿಸಾವು, ಬೆಕ್ಕು ಮರಿ ಹಾಕಿದ್ದೂ ಬಿಸಾವಿನ ಮೇಲೆಯೇ. ಆರನೆಯ ಕ್ಲಾಸಿನಲ್ಲಿ ಟೀಚರು ಒಬ್ಬೊಬ್ಬರಿಂದ ಒಂದೊಂದು ದೇಶದ ಹೆಸರು ಹೇಳಿಸಿದರು. ಎಲ್ಲರೂ ಜಪಾನು, ಜರ್ಮನಿ ಎಂದರೆ ನಾನು ಎದೆಯುಬ್ಬಿಸಿ ಗಿನಿ-ಬಿಸಾವು ಎಂದೆ. ಅಂಥ ದೇಶವೇ ಇಲ್ಲ, ತಲೆಹರಟೆ ಮಾಡುತ್ತೀಯಾ ಎಂದು ಬೆಂಚಿನ ಮೇಲೆ ನಿಲ್ಲಿಸಿದರು. ಮರುದಿನ ಸಾಕ್ಷಿಗೆಂದು ಗೋಣಿಚೀಲವನ್ನೇ ಮಡಚಿ ಶಾಲೆಗೆ ಒಯ್ದೆ. ಅದರಲ್ಲಿದ್ದ ಧೂಳಿಗೆ ಟೀಚರಿಗೆ ಸೀನು ಹಿಡಿದು ನಾನು ಇನ್ನೊಂದು ಪೀರಿಯಡ್ ಹೊರಗೆ ನಿಂತೆ.

ಆ ದೇಶದ ಮೇಲೆ ನನಗೆ ಸಿಟ್ಟೂ ಇತ್ತು. ನಾನು ಇಂಜಿನಿಯರಿಂಗಿಗೆ ಸೇರಿದ ತೊಂಬತ್ತೆಂಟನೆಯ ಇಸವಿಯಲ್ಲಿ, ಸರಿಯಾಗಿ ಹಡಗು ಹೊರಡುವ ಜೂನ್ ತಿಂಗಳಲ್ಲೇ, ಅಲ್ಲಿ ಅಂತರ್ಯುದ್ಧ ಶುರುವಾಯಿತು. ಬೀಜ ಬರಲಿಲ್ಲ. ಫ್ಯಾಕ್ಟರಿಯ ಗೇಟು ಮುಚ್ಚಿತು. ಅಮ್ಮ ಆ ಮಳೆಗಾಲವಿಡೀ ಮನೆಯಲ್ಲಿ ಕೂತು ಬೀಡಿ ಕಟ್ಟಿದಳು, ನಾನು ಹಾಸ್ಟೆಲಿನಲ್ಲಿ ಎರಡು ಅಂಗಿಯಲ್ಲಿ ವರ್ಷ ಕಳೆದೆ. ಒಂದು ದೇಶದ ಮೇಲೆ ವೈಯಕ್ತಿಕವಾಗಿ ಕೋಪ ಮಾಡಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ.

ಈಗ ಅಮೆರಿಕಕ್ಕೆ ಬರೋಣ. ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲರೂ ಮನೆಯೊಳಗೆ ಬಂದಿಯಾಗಿದ್ದಾಗ ಭುಜಂಗ ಅಂಕಲ್ ತಲೆಗೆ 'ದೇಶ ಪರಿಚಯ' ಎಂಬ ಯೋಜನೆ ಹೊಳೆಯಿತು. ಪ್ರವಾಸವಂತೂ ಇಲ್ಲ, ತಿಂಗಳಿಗೊಂದು ಮನೆಯವರು ಜೂಮಿನಲ್ಲಿ ಒಂದು ದೇಶದ ಇತಿಹಾಸ, ರಾಜಕೀಯ, ಆರ್ಥಿಕ ಸ್ಥಿತಿಯನ್ನು ಇಪ್ಪತ್ತು ನಿಮಿಷ ಕನ್ನಡದಲ್ಲಿ ಹೇಳಬೇಕು. ಕೋವಿಡ್ ಹೋಯಿತು, ದೇಶ ಪರಿಚಯ ಹೋಗಲಿಲ್ಲ. ಜೂಮಿನಿಂದ ಎದ್ದು ಅಂಕಲ್ ಮನೆಯ ಹಜಾರಕ್ಕೆ ಬಂದು ಕೂತಿತು. ಸ್ವಿಟ್ಜರ್ಲೆಂಡನ್ನು ಮೂರು ಮನೆಯವರು ಮಧುಚಂದ್ರದ ಫೋಟೋಗಳ ಸಮೇತ ಪರಿಚಯಿಸಿ ಮುಗಿಸಿದ್ದರು. ನನ್ನ ಸರದಿಯನ್ನು ನಾನು ಬೆನ್ನುನೋವು, ಆಫೀಸು, ನೆಂಟರು ಎಂದು ಮೂರು ವರ್ಷ ಮುಂದೂಡಿದ್ದೆ.

ಎರಡು ಸಾವಿರದ ಇಪ್ಪತ್ತಮೂರರಲ್ಲಿ ಒಂದು ಎಡವಟ್ಟಾಯಿತು. ನಮ್ಮ ಕಂಪನಿ ಪ್ರಯೋಗಾಲಯಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸ್‌ನಲ್ಲಿರುವ ಒಂದು ಸಂಶೋಧನಾ ಸಂಸ್ಥೆಯಿಂದ ಇಮೇಲ್ ಬಂತು, ಕೆಳಗೆ ಡಾಕ್ಟರ್ ಡುಲ್ಸಿ ಮೆಂಡೋನ್ಸಾ ಎಂಬ ಸಹಿ. ಮಂಗಳೂರಿನ ಮನುಷ್ಯನಿಗೆ ಮೆಂಡೋನ್ಸಾ ಎಂದರೆ ಮುಗಿಯಿತು. ಶೆಟ್ಟಿ, ಭಟ್ಟ, ಪಿಂಟೋ, ಮೆಂಡೋನ್ಸಾ ಎಲ್ಲ ನಮ್ಮೂರಿನವೇ. ಪೋರ್ಚುಗಲ್ಲಿನಲ್ಲೂ ಆ ಹೆಸರಿನವರಿದ್ದಾರೆಂದು ಕೇಳಿದರೆ ನಮ್ಮವರೇ ಯಾರೋ ಹೋಗಿ ನೆಲೆಸಿರಬೇಕು ಎಂದುಕೊಳ್ಳುತ್ತೇವೆ. ನಾನು ಕೆಲಸದ ಉತ್ತರ ಬರೆದು, ಕೊನೆಗೆ "ಮಂಗಳೂರಿನಲ್ಲಿ ಎಲ್ಲಿ, ಬೆಂದೂರಾ, ಕುಲಶೇಖರವಾ?" ಎಂದು ಕೇಳಿ, ನನಗೆ ಬರುವ ಎರಡೇ ಎರಡು ಕೊಂಕಣಿ ವಾಕ್ಯಗಳನ್ನೂ ಸೇರಿಸಿ ಕಳಿಸಿದೆ.

ಎರಡು ದಿನ ಬಿಟ್ಟು ಉತ್ತರ ಬಂತು. ಅವಳದು ಇಂಗ್ಲಿಷು, ನಾನು ಕನ್ನಡದಲ್ಲಿ ಹೇಳುತ್ತೇನೆ. "ನಿಮ್ಮ ಕೊನೆಯ ಎರಡು ವಾಕ್ಯ ಯಾವ ಭಾಷೆ ಎಂದು ನಮ್ಮ ಲ್ಯಾಬಿನಲ್ಲಿ ಯಾರಿಗೂ ತಿಳಿಯಲಿಲ್ಲ. ಕಂಪ್ಯೂಟರ್ ವಿಭಾಗದವರು ಅದನ್ನು ಮುಟ್ಟಬೇಡಿ ಎಂದರು. ನಾನು ಗಿನಿ-ಬಿಸಾವಿನವಳು. ನೀವು ಕೇಳುವ ಮೊದಲೇ ಹೇಳುತ್ತೇನೆ, ಅದು ಆಫ್ರಿಕದ ಪಶ್ಚಿಮ ತೀರದಲ್ಲಿ, ಸೆನೆಗಲ್ಲಿನ ಕೆಳಗಿದೆ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಷ್ಟು ವರ್ಷ ಕಾಲೊರಸಿಕೊಂಡ ದೇಶದಿಂದ ವ್ಯಕ್ತಿಯೊಬ್ಬಳು ಸಿಕ್ಕಿದ್ದಳು. ಅಲ್ಲಿ ಕೊಯ್ಲು ಯಾವಾಗ, ಹಡಗು ಯಾವಾಗ, ಯಾವ ಕಡೆಯ ಬೀಜ ತೂಕ ಹೆಚ್ಚು ಎಂದೆಲ್ಲ ಒಂದೇ ಉಸಿರಿಗೆ ಬರೆದೆ. "ಅಮೆರಿಕಕ್ಕೆ ಬಂದ ಹತ್ತು ವರ್ಷದಲ್ಲಿ ನನಗೆ ಸಿಕ್ಕ, ನನ್ನ ದೇಶ ಗೊತ್ತಿರುವ ಮೊದಲ ಮನುಷ್ಯ ನೀವು. ಹೇಗೆ ಗೊತ್ತು?" ಎಂದು ಅವಳು ಕೇಳಿದಳು. ನನ್ನ ಬೆರಳು ತಾನಾಗಿಯೇ ಟೈಪು ಮಾಡಿತು: "ನಮ್ಮದು ಗೇರುಬೀಜದ ವ್ಯವಹಾರ."

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಖುಷಿಯಲ್ಲಿ ಇದನ್ನು ಭುಜಂಗ ಅಂಕಲ್ ಬಳಿ ಬಾಯಿಬಿಟ್ಟೆ. ಅವರು ಅರ್ಧ ಗಂಟೆಯಲ್ಲಿ ಎಲ್ಲ ನಿಶ್ಚಯಿಸಿದರು. ಮುಂದಿನ ತಿಂಗಳ ದೇಶ ಪರಿಚಯ ಗಿನಿ-ಬಿಸಾವು, ಭಾಷಣ ಸುಧಾಕರನದು, ಮುಖ್ಯ ಅತಿಥಿ ಡಾಕ್ಟರ್ ಮೆಂಡೋನ್ಸಾ. ಅವಳು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಮೂವತ್ತು ಮನೆಯವರು ತನ್ನ ದೇಶದ ಬಗ್ಗೆ ಕೇಳಲು ಕೂರುತ್ತಾರೆಂದರೆ ಸ್ಯಾನ್ ಡಿಯಾಗೋದಿಂದ ನಡೆದುಕೊಂಡಾದರೂ ಬರುತ್ತೇನೆ ಎಂದು ಬರೆದಳು.

ನನಗೆ ನಿದ್ದೆ ಹಾಳಾಯಿತು. ಇತಿಹಾಸ ಹೇಳಬಹುದು, ರಾಜಕೀಯ ಹೇಳಬಹುದು, ಆರ್ಥಿಕ ಸ್ಥಿತಿಗೆ ಬಂದರೆ ಗೇರುಬೀಜ ಬರುತ್ತದೆ, ಅದರ ಹಿಂದೆಯೇ ನಮ್ಮ ಫ್ಯಾಕ್ಟರಿ ಬರುತ್ತದೆ. ಬಲ್ಲವಳೊಬ್ಬಳು ಎದುರು ಕೂತು ನಾಲ್ಕು ಪ್ರಶ್ನೆ ಕೇಳಿದರೆ ನನ್ನ ಬಣ್ಣ ಬಯಲು. ಜನ ನಕ್ಕರೆ ನಗಲಿ, ಅದು ಸಣ್ಣ ಭಯ. ಭುಜಂಗ ಅಂಕಲ್‌ಗೆ ಮಂಗಳೂರಿನಲ್ಲಿ ಗೊತ್ತಿಲ್ಲದವರಿಲ್ಲ. ಇಲ್ಲಿ ಬಿದ್ದ ಮಾತು ವಾರದೊಳಗೆ ಕಾವೂರು ತಲುಪುತ್ತದೆ. ಮಗ ಹನ್ನೊಂದು ವರ್ಷ ತನ್ನನ್ನು ಮುಚ್ಚಿಟ್ಟಿದ್ದ ಎಂದು ಅಮ್ಮನಿಗೆ ಗೊತ್ತಾದರೆ ಏನು ಹೇಳಲಿ? ನನಗೆ ನಾಚಿಕೆಯಾಗಿದ್ದದ್ದು ಅಮ್ಮನ ಬಗ್ಗೆಯೋ ನನ್ನ ಬಗ್ಗೆಯೋ ಎಂದು ಕೇಳಿಕೊಳ್ಳುವ ಧೈರ್ಯವೂ ನನಗಿರಲಿಲ್ಲ.

"ನಿಜ ಹೇಳ್ಬಿಡಿ. ಅತ್ತೆ ಏನು ಕಳ್ತನ ಮಾಡಿದ್ರಾ?" ಎಂದಳು ಮಾಲಿನಿ. ಮಗಳು ಅನನ್ಯಾಳಿಗೆ ಹನ್ನೆರಡು. ಅವಳು ನನ್ನ ಸ್ಲೈಡುಗಳನ್ನು ನೋಡಿ, "ಅಪ್ಪಾ, ಟೂ ಮಚ್ ಟೆಕ್ಸ್ಟ್" ಎಂದು ಹೇಳಿ ಹೋದಳು.

ಆ ಶನಿವಾರ ಸಂಜೆ ಐದಕ್ಕೆ ಅಂಕಲ್ ಮನೆ ತುಂಬಿತ್ತು. ಡುಲ್ಸಿ ಮೂವತ್ತಮೂರು ವರ್ಷದ ಎತ್ತರದ ಹುಡುಗಿ, ಸೊಳ್ಳೆಗಳ ಮೇಲೆ ಸಂಶೋಧನೆ ಮಾಡುವವಳು. ಅವಳಿಗಾಗಿ ಭಾಷಣವನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಮಾಡಿದೆ. ಕೇರಳಕ್ಕಿಂತ ತುಸು ಚಿಕ್ಕ ದೇಶ. ಪೋರ್ಚುಗೀಸರು ಅಲ್ಲಿ ಶತಮಾನಗಟ್ಟಲೆ ಕೂತರು, ಮನುಷ್ಯರನ್ನು ಹಿಡಿದು ಹಡಗಿಗೆ ತುಂಬಿ ಮಾರಿದರು. ಬ್ರೆಜಿಲ್ಲಿನ ಗೇರುಗಿಡವನ್ನು ನಮ್ಮ ಕರಾವಳಿಗೆ ತಂದವರೂ ಅವರೇ, ಅಲ್ಲಿಗೆ ಒಯ್ದವರೂ ಅವರೇ. ಬಿಸಾವಿನವರು ವರ್ಷಾನುಗಟ್ಟಲೆ ಕಾಡಿನಲ್ಲಿ ಹೋರಾಡಿ ಎಪ್ಪತ್ತಮೂರರಲ್ಲಿ ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡರು. ಮರುವರ್ಷ ಲಿಸ್ಬನ್ನಿನಲ್ಲಿ ಸರ್ಕಾರವೇ ಬಿದ್ದ ಮೇಲೆ ಪೋರ್ಚುಗಲ್ ಅದನ್ನು ಒಪ್ಪಿಕೊಂಡಿತು.

ಇತಿಹಾಸ ಸುಸೂತ್ರವಾಗಿ ಮುಗಿಯಿತು. ರಾಜಕೀಯಕ್ಕೆ ಒಂದು ಪಟ್ಟಿ ಮಾಡಿದ್ದೆ, ಯಾವಾಗ ಸೇನೆ ಸರ್ಕಾರವನ್ನು ಉರುಳಿಸಿತು, ಯಾವಾಗ ಉರುಳಿಸಲು ಹೋಗಿ ಬಿಟ್ಟಿತು ಎಂದು. ಎಲ್ಲ ಹಿಡಿಸಲು ಅಕ್ಷರಗಳನ್ನು ಎಷ್ಟು ಸಣ್ಣದು ಮಾಡಿದ್ದೆನೆಂದರೆ ಮುಂದಿನ ಸಾಲಿನವರು ಕನ್ನಡಕ ಹುಡುಕಿದರು. ಚುನಾಯಿತ ಅಧ್ಯಕ್ಷರೊಬ್ಬರು ಅವಧಿ ಪೂರ್ತಿ ಮುಗಿಸುವುದೇ ಅಲ್ಲಿ ಅಪರೂಪ. ಡುಲ್ಸಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, "ಎರಡು ಬಿಟ್ಟಿದ್ದೀರಿ. ಪರವಾಗಿಲ್ಲ, ನಮಗೂ ಲೆಕ್ಕ ತಪ್ಪುತ್ತದೆ" ಎಂದಳು.

ಕೊನೆಗೆ ಆರ್ಥಿಕ ಸ್ಥಿತಿ. ರಫ್ತೆಂದರೆ ಬಹುಪಾಲು ಗೇರುಬೀಜವೇ. ಹಂಗಾಮಿನ ಆರಂಭದಲ್ಲಿ ಸರ್ಕಾರ ದರ ಘೋಷಿಸುತ್ತದೆ, ಇಡೀ ದೇಶ ಕಿವಿಗೊಟ್ಟು ಕೇಳುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಬೀಜ ಕೊಟ್ಟು ಅಕ್ಕಿ ತೆಗೆದುಕೊಳ್ಳುತ್ತಾರೆ. ಬೀಜವನ್ನು ಅಲ್ಲಿ ಒಡೆಯುವುದು ಕಡಿಮೆ, ಸಿಪ್ಪೆಯ ಸಮೇತ ಹಡಗಿಗೆ ಹಾಕುತ್ತಾರೆ, ಬಹಳಷ್ಟು ಭಾರತಕ್ಕೆ ಬರುತ್ತದೆ. ನಾನು ಇಷ್ಟು ಹೇಳಿ ಧನ್ಯವಾದದ ಸ್ಲೈಡಿಗೆ ಹಾರುವಷ್ಟರಲ್ಲಿ ಭುಜಂಗ ಅಂಕಲ್ ಎದ್ದು, ಆ ಬೀಜವೆಲ್ಲ ಇವನ ತಂದೆಯವರ ಫ್ಯಾಕ್ಟರಿಗೇ ಬರುತ್ತಿತ್ತು ಎಂದು ಇಂಗ್ಲಿಷಿನಲ್ಲಿ ಸಾರಿದರು. ಚಪ್ಪಾಳೆ ಬಿತ್ತು.

ಡುಲ್ಸಿ ಕೈಯೆತ್ತಿದಳು. "ನನಗೊಂದು ಪ್ರಶ್ನೆ ಇದೆ. ನನ್ನದಲ್ಲ, ನನ್ನ ಅಜ್ಜಿಯದು. ಅವಳು ಜೀವನವಿಡೀ ಬೀಜ ಹೆಕ್ಕಿ ಚೀಲ ತುಂಬಿದಳು. ಹಡಗು ಹೋದ ಮೇಲೆ ಏನಾಗುತ್ತದೆ ಎಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ. ಅಲ್ಲಿ ಅದನ್ನು ಒಡೆಯುತ್ತಿದ್ದವರು ಯಾರು?"

"ಕೆಲಸದವರು" ಎಂದೆ.

ಹನ್ನೊಂದು ವರ್ಷದಲ್ಲಿ ನಾನು ಹೇಳಿದ್ದೆಲ್ಲ ಲೆಕ್ಕಕ್ಕೆ ನಿಜವೇ ಆಗಿತ್ತು. ಇದೂ ನಿಜವೇ. ಆದರೆ ಅಮ್ಮನನ್ನು ನಾನು 'ಕೆಲಸದವರು' ಎಂದದ್ದು ಮೊದಲ ಸಲ. ಬಾಯಿಂದ ಹೊರಬಿದ್ದ ಕೂಡಲೇ ಅದು ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ, ಮುಂದಿನ ಮಾತನ್ನು ನಾನು ಆಲೋಚಿಸಿ ಆಡಲಿಲ್ಲ.

"ನನ್ನ ಅಮ್ಮ" ಎಂದೆ. "ಫ್ಯಾಕ್ಟರಿ ನಮ್ಮದಲ್ಲ. ಅಮ್ಮ ಇಪ್ಪತ್ತಾರು ವರ್ಷ ಅಲ್ಲಿ ಬೀಜ ಒಡೆದಳು. ಕಾಲಿನಿಂದ ತುಳಿಯುವ ಕತ್ತರಿ, ಎಣ್ಣೆ ತಾಗದ ಹಾಗೆ ಕೈಗೆ ಬೂದಿ. ಅವಳ ಬೆರಳ ಗೆರೆಗಳೆಲ್ಲ ಸವೆದುಹೋಗಿವೆ. ಬೆರಳಚ್ಚಿನ ಮೆಷಿನು ಅವಳನ್ನು ಗುರುತಿಸುವುದಿಲ್ಲ."

ಭುಜಂಗ ಅಂಕಲ್ ಬೆರಳು ಮಡಚಿ ಏನನ್ನೋ ಕೂಡಿ ಕಳೆದು ನೋಡಿದರು.

"ಹಾಗಾದ್ರೆ ಸುಧಾಕರ, ನೀನು ತಂದುಕೊಡ್ತಿದ್ದ ಆ ಬೀಜ?"

"ಫ್ರೀವೇ ಪಕ್ಕದ ಅಂಗಡಿಯದು ಅಂಕಲ್."

"ಹನ್ನೊಂದು ವರ್ಷವೂ?"

"ಮೊದಲನೇ ವರ್ಷದ್ದು ಊರಿನದೇ."

ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಗಲು ಶುರುಮಾಡಿದರು. "ಪರಿಮಳ, ಪರಿಮಳ ಅಂತ ಕಣ್ಣು ಮುಚ್ತಿದ್ರಲ್ಲ ನೀವು" ಎಂದು ಗಂಡನ ತೋಳು ತಟ್ಟಿದರು. ಹಜಾರವೆಲ್ಲ ನಕ್ಕಿತು. ಅಂಕಲ್ ಮಾತ್ರ ನಗಲಿಲ್ಲ. ಡುಲ್ಸಿಯೂ ನಗಲಿಲ್ಲ. ಅವಳು ಹತ್ತಿರ ಬಂದು, "ನಿಮ್ಮ ಅಮ್ಮ ಇದ್ದಾರೆಯೇ? ಮಾತಾಡಬಹುದೇ?" ಎಂದು ಕೇಳಿದಳು.

ಇಲ್ಲಿ ಸಂಜೆ ಆರೂವರೆ ಎಂದರೆ ಅಲ್ಲಿ ಬೆಳಗಿನ ಏಳು. ಕಾವೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಅಮ್ಮ ಕಾಫಿ ಲೋಟ ಹಿಡಿದು ವೀಡಿಯೋದಲ್ಲಿ ಕಾಣಿಸಿಕೊಂಡಳು.

"ಎಂತ ಮಾರಾಯ, ಇಷ್ಟು ಬೇಗ? ಎಲ್ಲ ಸರಿ ಉಂಟಲ್ಲ?"

"ಅಮ್ಮಾ, ಇವರು ಬಿಸಾವಿನವರು."

ಅಮ್ಮ ಲೋಟ ಕೆಳಗಿಟ್ಟಳು. ಸೆರಗು ಸರಿ ಮಾಡಿಕೊಂಡಳು. "ಬಿಸಾವಿನವರಾ? ಅಲ್ಲಿ ಈಗ ಸರ್ಕಾರ ಉಂಟಾ, ಕೇಳು."

ನಾನು ಇಂಗ್ಲಿಷಿಗೆ ತಿರುಗಿಸಿದೆ, ಮುಂದೆ ಇಬ್ಬರ ಮಾತನ್ನೂ ಹಾಗೆಯೇ ತಿರುಗಿಸುತ್ತ ಹೋದೆ. ಡುಲ್ಸಿ ಬಾಯಿತುಂಬ ನಕ್ಕು, ಇವತ್ತು ಬೆಳಿಗ್ಗೆಯವರೆಗೂ ಇತ್ತು ಎಂದಳು.

"ಅಲ್ಲಿ ಸರ್ಕಾರ ಬಿದ್ರೆ ಪೇಪರಿಗಿಂತ ಮೊದಲು ನಮಗೆ ಗೊತ್ತಾಗ್ತಿತ್ತು" ಎಂದು ಅಮ್ಮ ಎಲ್ಲರಿಗೂ ಹೇಳಿದಳು. "ಫ್ಯಾಕ್ಟರಿಯ ರೈಟರು ಹಾಜರಿ ಪುಸ್ತಕ ಮುಚ್ಚಿ, ಸೋಮವಾರ ಬರುದು ಬೇಡ ಅಂತಿದ್ರು. ಒಂದು ಮಳೆಗಾಲ ಇಡೀ ಬೀಜ ಬರ್ಲಿಲ್ಲ. ಅಲ್ಲಿ ಗುಂಡು ಹಾರಿಸ್ತಿದ್ರಂತೆ."

"ಆ ವರ್ಷ ನನಗೆ ಎಂಟು ವರ್ಷ" ಎಂದಳು ಡುಲ್ಸಿ. "ಪಟ್ಟಣ ಬಿಟ್ಟು ಅಜ್ಜಿಯ ಹಳ್ಳಿಗೆ ಓಡಿದೆವು. ಮನೆ ತುಂಬ ಬೀಜದ ರಾಶಿ, ಒಯ್ಯಲು ಹಡಗಿಲ್ಲ, ಬದಲಿಗೆ ಅಕ್ಕಿಯೂ ಇಲ್ಲ."

"ಅಲ್ಲಿ ರಾಶಿ ಬಿದ್ದಿತ್ತಾ?" ಎಂದಳು ಅಮ್ಮ. "ನಾವಿಲ್ಲಿ ಅದರದ್ದೇ ದಾರಿ ಕಾಯ್ತಾ ಕೂತದ್ದು."

ಎಂಟು ವರ್ಷದ ಆ ಮಗುವಿನ ಮೇಲೆಯೇ ನಾನು ಹಾಸ್ಟೆಲಿನಲ್ಲಿ ಕೂತು ಸಿಟ್ಟು ಮಾಡಿಕೊಂಡಿದ್ದೆ ಎಂದು ನನಗೆ ಆಗ ಹೊಳೆಯಿತು. ಅಮ್ಮನಿಗೆ ಅಂಥ ಸಂಕೋಚಗಳಿಲ್ಲ. ಅವಳದು ಬೇರೆಯೇ ಒಂದು ಹಳೆಯ ದೂರು ಬಾಕಿಯಿತ್ತು.

"ಅದು ಇರ್ಲಿ. ಮೂಟೆಗೆ ಕಲ್ಲು ಹಾಕಿ ಕಳಿಸುದು ಎಂತಕ್ಕೆ, ಅದನ್ನು ಕೇಳು. ಕಲ್ಲು ಕತ್ತರಿಗೆ ಸಿಕ್ಕಿ ನನ್ನ ಬೆರಳು ಎರಡು ಸಲ ಜಜ್ಜಿದೆ."

ನಾನು ಮುಖ್ಯ ಅತಿಥಿಯ ಮರ್ಯಾದೆಗೆ ಸ್ವಲ್ಪ ನಯ ಮಾಡಿ ಅನುವಾದಿಸಿದೆ. ಡುಲ್ಸಿ ಮುಖ ಮುಚ್ಚಿಕೊಂಡಳು. "ನನ್ನ ಅಜ್ಜಿಯೂ ಹಾಕುತ್ತಿದ್ದಳು. ವ್ಯಾಪಾರಿಯ ತಕ್ಕಡಿ ಯಾವಾಗಲೂ ಕಡಿಮೆ ತೋರಿಸುತ್ತಿತ್ತು. ಇದರಿಂದ ನಷ್ಟ ಆಗುವುದು ಭಾರತದ ಯಾರೋ ದೊಡ್ಡ ಶ್ರೀಮಂತರಿಗೆ, ಆಗಲಿ ಬಿಡು ಎನ್ನುತ್ತಿದ್ದಳು. ನಾನೂ ಕಲ್ಲು ಹೆಕ್ಕಿ ಕೊಟ್ಟಿದ್ದೇನೆ."

ಇದನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಹೌದಾ. ನಾವು ಗ್ರಹಿಸಿದ್ದು ಅಲ್ಲಿಯವರು ದೊಡ್ಡ ತೋಟದ ಸಾಹುಕಾರರು ಅಂತ" ಎಂದಳು. ಆಮೇಲೆ ಡುಲ್ಸಿಗೇ ನೇರವಾಗಿ ಕನ್ನಡದಲ್ಲಿ, "ಊಟ ಮಾಡಿ ಹೋಗಿ ಆಯ್ತಾ" ಎಂದಳು.

ಅಷ್ಟರಲ್ಲಿ ಭುಜಂಗ ಅಂಕಲ್ ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಹನ್ನೊಂದು ವರ್ಷ ಮೋಸಹೋದ ಮನುಷ್ಯ, ಎದುರಿಗೆ ಅಮ್ಮ. ಒಂದು ಮಾತು ಆಡಿದರೆ ಸಾಕಿತ್ತು.

"ನಮಸ್ಕಾರ. ನಾನು ಭುಜಂಗ, ಬ್ರಹ್ಮಾವರದವ. ನಿಮ್ಮ ಮಗ ಇಲ್ಲಿ ನಿಮ್ಮ ಫ್ಯಾಕ್ಟರಿ ವಿಷಯ ಬಹಳ ಹೇಳ್ತಾ ಇರ್ತಾನೆ."

"ಹೌದಾ? ಎಂತ ಹೇಳ್ತಾನೆ?"

ಅಂಕಲ್ ನನ್ನ ಮುಖ ನೋಡಿದರು. ನಾನು ಕೈಮುಗಿಯುವುದೊಂದು ಬಾಕಿ. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು:

"ಅದನ್ನು ನಡೆಸ್ತಿದ್ದದ್ದು ನೀವೇ ಅಂತ."

ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಹೌದು ಮತ್ತೆ" ಎಂದಳು. "ನಾವೇ ಅಲ್ವಾ ನಡೆಸಿದ್ದು? ಮಾಲಕರು ಬರ್ತಿದ್ದದ್ದೇ ಹನ್ನೊಂದು ಗಂಟೆಗೆ."